ಮಿತಿಗಳೂ ಕೆಲವು ಬೆಲೆಗಳೂ ಗೊತ್ತಿದ್ದಾಗ ಬಹುಪದೋಕ್ತಿಯನ್ನು ಕಂಡುಹಿಡಿಯುವ ಕ್ರಮ

ಉಕ್ತಿಯನ್ನು ಕೊಟ್ಟು ಅದರ ಮಿತಿಯನ್ನು (ಲಿಮಿಟ್) ಕೇಳುವ ಲೆಕ್ಕಗಳು ಎಲ್ಲರಿಗೂ ಪರಿಚಿತ. ಮಿತಿಯನ್ನೇ ಕೊಟ್ಟು ಉಕ್ತಿಯನ್ನು ಕೇಳಿದಾಗ ಮಾತ್ರ ಪಿಯುಸಿ ವಿದ್ಯಾರ್ಥಿಗಳೂ ಸಿಇಟಿ, ಜೆಇಇ ಪರೀಕ್ಷೆಗಳಿಗೆ ಓದುತ್ತಿರುವವರೂ ಎಲ್ಲಿಂದ ಆರಂಭಿಸಬೇಕೆಂದು ತೋಚದೆ ನಿಲ್ಲುತ್ತಾರೆ, ಮತ್ತು ಅದೇ ಪ್ರಶ್ನೆಯನ್ನು ಬೇರೆ ಬೇರೆ ರೂಪದಲ್ಲಿ ಮತ್ತೆ ಮತ್ತೆ ಕೇಳುತ್ತಾರೆ. ಒಂದು ಮಿತಿ ಎಂದರೆ ಒಂದು ಸಮೀಕರಣ ಎಂದುಕೊಂಡು ಹೊರಡುವುದೇ ಇಲ್ಲಿನ ಮೂಲ ತೊಡಕು. ಒಂದೇ ಮಿತಿಯಲ್ಲಿ ಎರಡು, ಮೂರು, ಕೆಲವೊಮ್ಮೆ ಐದು ಸಮೀಕರಣಗಳು ಅಡಗಿರಬಹುದು. ಅವುಗಳನ್ನು ಬಿಡಿಸಿ ಎಣಿಸಿಕೊಂಡವರಿಗೆ ಉಳಿಯುವುದು ಹೈಸ್ಕೂಲಿನ ಬೀಜಗಣಿತ ಮಾತ್ರ.

ಬೇಕಾಗುವ ಸಿದ್ಧತೆ

ಈ ಲೇಖನದಲ್ಲಿ ಚರಾಕ್ಷರವನ್ನು ಯ ಎಂದೂ, ಕಂಡುಹಿಡಿಯಬೇಕಾದ ಬಹುಪದೋಕ್ತಿಯನ್ನು ಪ(ಯ) ಎಂದೂ ಬರೆದಿದ್ದೇನೆ. ನಿಮ್ಮ ಪುಸ್ತಕದಲ್ಲಿ ಇವು ಎಕ್ಸ್ ಮತ್ತು ಪಿ ಆಗಿರುತ್ತವೆ. ಬಹುಪದೋಕ್ತಿಯಲ್ಲಿ ಯ ಪಡೆದಿರುವ ಅತಿ ದೊಡ್ಡ ಘಾತವೇ ಅದರ ಡಿಗ್ರಿ. ಯದ ಘಾತಗಳನ್ನು ಗುಣಿಸುವ ಸಂಖ್ಯೆಗಳು ಸಹಗುಣಕಗಳು, ಮತ್ತು ಅತಿ ದೊಡ್ಡ ಘಾತದ ಸಹಗುಣಕವನ್ನು ಅಗ್ರ ಸಹಗುಣಕ ಎನ್ನುತ್ತೇನೆ. ನಿಷ್ಪನ್ನ ಎಂದರೆ ಡೆರಿವೇಟಿವ್. ಅದನ್ನು ಪ′(ಯ) ಎಂದು ಬರೆಯುತ್ತೇನೆ.

ಒಂಬತ್ತನೆಯ ತರಗತಿಯಲ್ಲಿ ಕಲಿತ ಎರಡು ಪ್ರಮೇಯಗಳು ನಿಮಗೆ ಕೈಗೆ ಸಿಗುವಂತಿರಬೇಕು. ಪ(ಯ)ವನ್ನು (ಯ − ಅ)ದಿಂದ ಭಾಗಿಸಿದಾಗ ಉಳಿಯುವ ಶೇಷ ಪ(ಅ) ಎನ್ನುವುದು ಶೇಷ ಪ್ರಮೇಯ. ಆ ಶೇಷ ಸೊನ್ನೆಯಾದರೆ (ಯ − ಅ) ಎಂಬುದು ಪ(ಯ)ದ ಅಪವರ್ತನ ಎನ್ನುವುದು ಅಪವರ್ತನ ಪ್ರಮೇಯ. ಇವುಗಳ ಜೊತೆಗೆ, ಬಹುಪದೋಕ್ತಿಗಳು ಎಲ್ಲೆಡೆ ಅವಿಚ್ಛಿನ್ನ ಎಂಬುದನ್ನು ನೆನಪಿಡಿ. ಆದ್ದರಿಂದ ಯ → 2 ಆದಾಗ ಪ(ಯ)ದ ಮಿತಿ 7 ಎಂದು ಕೊಟ್ಟಿದ್ದರೆ ಅದು ಪ(2) = 7 ಎಂಬುದಷ್ಟೇ, ಅದರಾಚೆ ಅದರಲ್ಲಿ ಏನೂ ಇಲ್ಲ.

ಹಂತ 1: ಅಜ್ಞಾತಗಳನ್ನು ಎಣಿಸಿ

ನಾಲ್ಕನೆಯ ಡಿಗ್ರಿಯ ಬಹುಪದೋಕ್ತಿಯಲ್ಲಿ ಸ್ಥಿರಾಂಕವೂ ಸೇರಿ ಐದು ಸಹಗುಣಕಗಳಿರುತ್ತವೆ. ಸಾಮಾನ್ಯವಾಗಿ ಡಿಗ್ರಿಗಿಂತ ಒಂದು ಹೆಚ್ಚು ಅಜ್ಞಾತ, ಹಾಗಾಗಿ ಡಿಗ್ರಿಗಿಂತ ಒಂದು ಹೆಚ್ಚು ಸ್ವತಂತ್ರ ಸಮೀಕರಣ ಬೇಕು. ಡಿಗ್ರಿ ಪ್ರಶ್ನೆಯಲ್ಲಿ ನೇರವಾಗಿ ಇಲ್ಲದಿದ್ದರೆ ಗಾಬರಿ ಬೇಡ. ಅದನ್ನು ಅನಂತದಲ್ಲಿನ ಮಿತಿ ಹೇಳುತ್ತಿರಬಹುದು.

ಹಂತ 2: ಅನಂತದಲ್ಲಿನ ಮಿತಿಯನ್ನು ಓದಿ

ಯ → ∞ ಆದಾಗ ಪ(ಯ)/ಯ⁴ದ ಮಿತಿ 3 ಎಂದಿರಲಿ. ಯ ಬಹಳ ದೊಡ್ಡದಾದಾಗ ಕಿರಿಯ ಘಾತಗಳ ಪದಗಳನ್ನು ಯ⁴ದಿಂದ ಭಾಗಿಸಿದರೆ ಅವು ಸೊನ್ನೆಯತ್ತ ಹೋಗುತ್ತವೆ, ಯ⁴ಕ್ಕಿಂತ ಹಿರಿಯ ಘಾತವೇನಾದರೂ ಇದ್ದರೆ ಭಿನ್ನರಾಶಿಯೇ ಎಲ್ಲೆ ಮೀರಿ ಬೆಳೆಯುತ್ತದೆ. ಹಾಗಾಗಿ ಡಿಗ್ರಿ ನಿಖರವಾಗಿ 4, ಅಗ್ರ ಸಹಗುಣಕ 3. ಅದೇ ಮಿತಿ 0 ಆಗಿದ್ದರೆ ಡಿಗ್ರಿ 3 ಅಥವಾ ಅದಕ್ಕಿಂತ ಕಡಿಮೆ ಎಂದಷ್ಟೇ ಹೇಳಬಹುದು, 3 ಎಂದು ಹೇಳಲಾಗದು. ಪರೀಕ್ಷೆಯಲ್ಲಿ ಈ ವ್ಯತ್ಯಾಸವನ್ನು ಮರೆತು ಘನ ಬಹುಪದೋಕ್ತಿಯನ್ನೇ ಊಹಿಸಿಕೊಳ್ಳುವವರು ಬಹಳ.

ಛೇದದ ಸಹಗುಣಕವನ್ನೂ ಗಮನಿಸಿ. ಪ(ಯ)/(2ಯ⁴ + ಯ) ಎಂಬುದರ ಮಿತಿ 3 ಆದರೆ ಅಗ್ರ ಸಹಗುಣಕ 6 ಆಗುತ್ತದೆ. ಇನ್ನು (ಪ(ಯ) − 2ಯ³)/ಯ² ಎಂಬುದರ ಮಿತಿ 3 ಎಂಬಂಥ ರೂಪ ಕಂಡರೆ ಸಂತೋಷಪಡಿ, ಏಕೆಂದರೆ 2ಯ³ವನ್ನು ಕಳೆದ ಮೇಲೆ ಉಳಿದದ್ದು 3ಯ²ದಿಂದ ಆರಂಭವಾಗಲೇಬೇಕು; ಅಂದರೆ ಪ(ಯ) = 2ಯ³ + 3ಯ² + ಬಯ + ಕ ಎಂದು ಮೊದಲ ಸಾಲಿನಲ್ಲೇ ಬರೆಯಬಹುದು, ಉಳಿಯುವ ಅಜ್ಞಾತಗಳು ಎರಡೇ.

ಹಂತ 3: ನಿರ್ದಿಷ್ಟ ಬಿಂದುವಿನಲ್ಲಿನ ಮಿತಿಯನ್ನು ಸಮೀಕರಣಗಳಾಗಿ ಬಿಡಿಸಿ

ಲೆಕ್ಕದ ಜೀವಾಳ ಈ ಹಂತದಲ್ಲಿದೆ, ಆದ್ದರಿಂದ ನಿಧಾನವಾಗಿ ನೋಡೋಣ. ಯ → 2 ಆದಾಗ ಪ(ಯ)/(ಯ − 2) ಎಂಬುದರ ಮಿತಿ 5 ಎಂದಿರಲಿ. ಛೇದ ಸೊನ್ನೆಯತ್ತ ಹೋಗುತ್ತಿದೆ, ಆದರೂ ಭಿನ್ನರಾಶಿ ಒಂದು ಸಾಂತ ಸಂಖ್ಯೆಯ ಬಳಿ ನಿಲ್ಲುತ್ತಿದೆ. ಪ(ಯ)ವನ್ನು ಆ ಭಿನ್ನರಾಶಿ ಮತ್ತು (ಯ − 2) ಇವುಗಳ ಗುಣಲಬ್ಧವಾಗಿ ಬರೆದುಕೊಂಡರೆ ಅದರ ಮಿತಿ 5 × 0, ಅಂದರೆ 0. ಹಾಗಾಗಿ ಪ(2) = 0 ಎಂಬುದು ಮೊದಲ ಸಮೀಕರಣ. ಪ(2) ಸೊನ್ನೆ ಎಂದಾದ ಮೇಲೆ ಪ(ಯ)/(ಯ − 2) ಎಂಬುದು (ಪ(ಯ) − ಪ(2))/(ಯ − 2) ಎಂಬುದೇ ಆಗುತ್ತದೆ, ಅದರ ಮಿತಿಯೇ ನಿಷ್ಪನ್ನದ ವ್ಯಾಖ್ಯೆ; ಆದ್ದರಿಂದ ಪ′(2) = 5 ಎಂಬುದು ಎರಡನೆಯ ಸಮೀಕರಣ.

ಛೇದ (ಯ − 2)² ಆಗಿದ್ದರೆ ಮೂರು ಸಮೀಕರಣಗಳು ಸಿಗುತ್ತವೆ: ಪ(2) = 0, ಪ′(2) = 0, ಮತ್ತು ಪ″(2)ರ ಅರ್ಧ 5. ಆದರೆ ನಿಷ್ಪನ್ನಗಳ ಗೊಡವೆಗೆ ಹೋಗದೆ ಪ(ಯ) = (ಯ − 2)² × ಭ(ಯ), ಭ(2) = 5 ಎಂದು ಬರೆಯುವುದು ಎಷ್ಟೋ ಹಗುರ; ಇಲ್ಲಿ ಭ(ಯ) ಭಾಗಲಬ್ಧವಾಗಿ ಬರುವ ಇನ್ನೊಂದು ಬಹುಪದೋಕ್ತಿ. ಛೇದದಲ್ಲಿ ಆ ಅಪವರ್ತನ ಎಷ್ಟನೆಯ ಘಾತದಲ್ಲಿದೆಯೋ ಅದಕ್ಕಿಂತ ಒಂದು ಹೆಚ್ಚು ಸಮೀಕರಣ ಎಂದು ಎಣಿಸಿ.

ಎಡವುವ ಜಾಗಗಳು ಹಲವು. ಮೊದಲನೆಯದಾಗಿ, ಅಂಶ ಸೊನ್ನೆಯಾಗಬೇಕೆಂಬ ನಿಯಮ ಛೇದವು ಸೊನ್ನೆಯಾಗುವಾಗ ಮಾತ್ರ ಅನ್ವಯಿಸುತ್ತದೆ. ಯ → 2 ಆದಾಗ ಪ(ಯ)/(ಯ + 1) ಎಂಬುದರ ಮಿತಿ 4 ಎಂದರೆ ಪ(2) = 12 ಎಂಬ ಒಂದೇ ಸಮೀಕರಣ ಸಿಗುತ್ತದೆ. ಎರಡನೆಯದಾಗಿ, ಛೇದದಲ್ಲಿ ಎರಡು ಅಪವರ್ತನಗಳಿದ್ದರೆ ಎರಡೂ ಪ(ಯ)ದ ಅಪವರ್ತನಗಳೆಂದು ಭಾವಿಸಬೇಡಿ. ಯ → 2 ಆದಾಗ ಪ(ಯ)/(ಯ² − ಯ − 2) ಎಂಬುದರ ಮಿತಿ 4 ಎಂದಿದ್ದರೆ ಛೇದ (ಯ − 2)(ಯ + 1). ಇವುಗಳಲ್ಲಿ 2ರ ಬಳಿ ಸೊನ್ನೆಯಾಗುವುದು ಮೊದಲನೆಯದು ಮಾತ್ರ, ಎರಡನೆಯದು 3 ಎಂಬ ಸಾಧಾರಣ ಸಂಖ್ಯೆ. ಹಾಗಾಗಿ ಪ(2) = 0, ಪ′(2) = 12. ಪ(−1) ಬಗ್ಗೆ ಈ ಮಿತಿ ಒಂದಕ್ಷರವನ್ನೂ ಹೇಳುವುದಿಲ್ಲ.

ಮೂರನೆಯದು ಲೋಪಿಟಾಲ್ ನಿಯಮದ ಆತುರ. ಅಂಶ, ಛೇದಗಳೆರಡೂ ಸೊನ್ನೆಯಾಗುವಾಗ ಅವುಗಳ ಬದಲಿಗೆ ಅವುಗಳ ನಿಷ್ಪನ್ನಗಳನ್ನು ಇಟ್ಟು ಮಿತಿ ಕಾಣಬಹುದೆನ್ನುವ ಈ ನಿಯಮವನ್ನು ಕಂಡೊಡನೆ ಪ್ರಯೋಗಿಸಿದರೆ ಪ′(2) = 5 ಸಿಗುತ್ತದೆ, ಆದರೆ ಪ(2) = 0 ಎಂಬುದನ್ನು ಬರೆದುಕೊಳ್ಳದೆಯೇ ದಾಟಿ ಹೋಗಿರುತ್ತೀರಿ, ಕೊನೆಯಲ್ಲಿ ಒಂದು ಸಮೀಕರಣ ಕಡಿಮೆ ಬಿತ್ತೆಂದು ಪ್ರಶ್ನೆಪತ್ರಿಕೆಯನ್ನು ದೂರುತ್ತೀರಿ. ಮೊದಲು ಅಂಶದ ಬೆಲೆ, ಆಮೇಲೆ ನಿಷ್ಪನ್ನ. ಈ ಕ್ರಮವನ್ನು ಬಿಡಬೇಡಿ.

ಅಂಶದಲ್ಲಿ ಪ(ಯ) − 4 ಎಂದಿದ್ದರೆ ಇವೇ ನಿಯಮಗಳು ಪ(ಯ) − 4ಕ್ಕೆ ಅನ್ವಯಿಸುತ್ತವೆ: ಯ → 1 ಆದಾಗ (ಪ(ಯ) − 4)/(ಯ − 1) ಎಂಬುದರ ಮಿತಿ 3 ಎಂದರೆ ಪ(1) = 4, ಪ′(1) = 3.

ಹಂತ 4: ಎಣಿಕೆಯನ್ನು ತಾಳೆ ನೋಡಿ

ಲೆಕ್ಕ ಮಾಡಲು ಹೊರಡುವ ಮುನ್ನ ಸಮೀಕರಣಗಳ ಒಟ್ಟು ಸಂಖ್ಯೆ ಅಜ್ಞಾತಗಳ ಸಂಖ್ಯೆಗೆ ಸಮವೇ ನೋಡಿ. ಕಡಿಮೆಯಿದ್ದರೆ ಉತ್ತರ ಒಂದಲ್ಲ, ಒಂದು ಇಡೀ ಕುಟುಂಬ. ಹೆಚ್ಚಿದ್ದರೆ ಯಾವುದೋ ಒಂದು ಪುನರಾವರ್ತನೆ ಅಥವಾ ವಿರೋಧ. ಯ → 1 ಆದಾಗ ಪ(ಯ)/(ಯ − 1)ರ ಮಿತಿಯನ್ನು ಕೊಟ್ಟು, ಜೊತೆಗೆ ಪ(1) = 0 ಎಂದೂ ಕೊಟ್ಟಿದ್ದರೆ ಎರಡನೆಯದು ಹೊಸ ಮಾಹಿತಿಯಲ್ಲ; ಪ(1) = 2 ಎಂದು ಕೊಟ್ಟಿದ್ದರೆ ಅಂಥ ಬಹುಪದೋಕ್ತಿಯೇ ಇಲ್ಲ.

ಡಿಗ್ರಿಯೂ ಇಲ್ಲ, ಅನಂತದಲ್ಲಿನ ಮಿತಿಯೂ ಇಲ್ಲ ಎಂದಾದರೆ ಎಷ್ಟು ಬೆಲೆಗಳನ್ನು ಕೊಟ್ಟರೂ ಬಹುಪದೋಕ್ತಿ ನಿಶ್ಚಿತವಾಗುವುದಿಲ್ಲ. ಪ(1), ಪ(2) ಗೊತ್ತಿರುವ ಯಾವುದೇ ಉತ್ತರಕ್ಕೆ (ಯ − 1)(ಯ − 2)ರ ಯಾವ ಗುಣಕವನ್ನು ಕೂಡಿಸಿದರೂ ಆ ಬೆಲೆಗಳು ಹಾಗೆಯೇ ಉಳಿಯುತ್ತವೆ. ಅಂಥ ಪ್ರಶ್ನೆಗಳಲ್ಲಿ "ಕನಿಷ್ಠ ಡಿಗ್ರಿಯ" ಎಂಬ ಮಾತು ಇದೆಯೇ ಎಂದು ಹುಡುಕಿ.

ಹಂತ 5: ಅಪವರ್ತನ ರೂಪದಲ್ಲಿ ಬರೆದು ಬಿಡಿಸಿ

ಪೂರ್ಣ ಉದಾಹರಣೆ ಹೀಗಿದೆ. ಯ → ∞ ಆದಾಗ ಪ(ಯ)/ಯ⁴ದ ಮಿತಿ 3; ಯ → 2 ಆದಾಗ ಪ(ಯ)/(ಯ − 2)² ಎಂಬುದರ ಮಿತಿ 5; ಪ(1) = 1.

ಎಣಿಕೆ: ಡಿಗ್ರಿ 4, ಆದ್ದರಿಂದ ಅಜ್ಞಾತಗಳು 5. ಅನಂತದ ಮಿತಿಯಿಂದ 1, ಎರಡನೆಯ ಮಿತಿಯಿಂದ 3, ಬೆಲೆಯಿಂದ 1 ಸೇರಿ ಸಮೀಕರಣಗಳೂ 5.

ರೂಪ: ಪ(ಯ) = (ಯ − 2)²(3ಯ² + ಬಯ + ಕ). ಐದು ಅಜ್ಞಾತಗಳಲ್ಲಿ ಮೂರು ಇಲ್ಲೇ ಕರಗಿದವು. ಎರಡನೆಯ ಆವರಣಕ್ಕೆ ಯ = 2 ಹಾಕಿದಾಗ 5 ಬರಬೇಕು: 12 + 2ಬ + ಕ = 5, ಅಂದರೆ 2ಬ + ಕ = −7. ಯ = 1 ಹಾಕಿದಾಗ (1 − 2)² = 1 ಆಗಿರುವುದರಿಂದ 3 + ಬ + ಕ = 1, ಅಂದರೆ ಬ + ಕ = −2. ಕಳೆದರೆ ಬ = −5, ಕ = 3.

ಪ(ಯ) = (ಯ − 2)²(3ಯ² − 5ಯ + 3) = 3ಯ⁴ − 17ಯ³ + 35ಯ² − 32ಯ + 12.

ಇದೇ ಲೆಕ್ಕವನ್ನು ಐದು ಸಹಗುಣಕಗಳಿಟ್ಟು, ಎರಡು ಸಲ ನಿಷ್ಪನ್ನ ತೆಗೆದು, ಐದು ಸಮೀಕರಣಗಳನ್ನು ಬಿಡಿಸಿಯೂ ಮಾಡಬಹುದು. ಉತ್ತರ ಅದೇ ಬರುತ್ತದೆ, ಚಿಹ್ನೆ ತಪ್ಪುವ ಅವಕಾಶಗಳು ಮಾತ್ರ ಹಲವು ಪಟ್ಟು ಹೆಚ್ಚು.

ಮಿತಿಗಳನ್ನು ಎರಡು ಬಿಂದುಗಳಲ್ಲಿ ಕೊಟ್ಟಾಗ ಇನ್ನೊಂದು ಎಚ್ಚರಿಕೆ ಬೇಕು. ಪ(ಯ) ಘನ ಬಹುಪದೋಕ್ತಿ. ಯ → 1 ಆದಾಗ ಪ(ಯ)/(ಯ − 1)ರ ಮಿತಿ 3, ಯ → 2 ಆದಾಗ ಪ(ಯ)/(ಯ − 2)ರ ಮಿತಿ 5 ಎಂದಿರಲಿ. ರೂಪ (ಯ − 1)(ಯ − 2)ಭ(ಯ), ಇಲ್ಲಿ ಭ(ಯ)ದ ಡಿಗ್ರಿ 1. ಮೊದಲ ಮಿತಿಯಲ್ಲಿ (ಯ − 2) ಎಂಬ ಅಪವರ್ತನ −1 ಆಗಿ ಉಳಿದುಕೊಳ್ಳುತ್ತದೆ, ಆದ್ದರಿಂದ ಭ(1) = −3; ಎರಡನೆಯದರಲ್ಲಿ (ಯ − 1) ಎಂಬುದು 1, ಭ(2) = 5. ಹಾಗಾಗಿ ಭ(ಯ) = 8ಯ − 11. ಆ −1 ಮರೆತು ಭ(1) = 3 ಎಂದು ಬರೆದವರಿಗೂ ಅಷ್ಟೇ ಚೆಂದದ ಉತ್ತರ ಸಿಗುತ್ತದೆ, ಅದು ತಪ್ಪಾಗಿರುತ್ತದೆ.

ಹಂತ 6: ಬೆಲೆಗಳಲ್ಲಿ ಒಂದು ಮಾದರಿ ಕಂಡರೆ ಅದನ್ನು ಕಳೆದುಬಿಡಿ

ಯ → ∞ ಆದಾಗ ಪ(ಯ)/ಯ⁴ದ ಮಿತಿ 2; ಪ(1) = 1, ಪ(2) = 4, ಪ(3) = 9, ಪ(0) = 12 ಎಂದಿರಲಿ. ಮೊದಲ ಮೂರು ಬೆಲೆಗಳು ವರ್ಗಗಳು. ಪ(ಯ) − ಯ² ಎಂಬುದು 1, 2, 3ರಲ್ಲಿ ಸೊನ್ನೆ, ಆದ್ದರಿಂದ

ಪ(ಯ) = ಯ² + (ಯ − 1)(ಯ − 2)(ಯ − 3)(2ಯ + ಕ).

ಯ = 0 ಹಾಕಿದರೆ −6ಕ = 12, ಕ = −2. ಪ(4) ಕೇಳಿದ್ದರೆ ವಿಸ್ತರಿಸುವ ಅಗತ್ಯವೇ ಇಲ್ಲ: 16 + 3 × 2 × 1 × 6 = 52. ಪ(ಯ) = ಯ² ಎಂದೇ ಉತ್ತರ ಬರೆದು ಮುಗಿಸುವುದು ಇಲ್ಲಿನ ಸಾಮಾನ್ಯ ತಪ್ಪು; ಮೂರು ಬಿಂದುಗಳಲ್ಲಿ ಹೊಂದಿಕೆಯಾದ ಮಾತ್ರಕ್ಕೆ ಎರಡು ಬಹುಪದೋಕ್ತಿಗಳು ಒಂದೇ ಆಗುವುದಿಲ್ಲ. ಬೆಲೆಗಳಲ್ಲಿ ಯಾವ ಮಾದರಿಯೂ ಕಾಣದಿದ್ದರೆ, ಕೊಟ್ಟ ಬೆಲೆಗಳಿಂದಲೇ ಬಹುಪದೋಕ್ತಿಯನ್ನು ಕಟ್ಟಿಕೊಡುವ ಲಾಗ್ರಾಂಜ್ ಸೂತ್ರವಿದೆ. ಲಾಗ್ರಾಂಜ್ ಅದನ್ನು 1795ರಲ್ಲಿ ಪ್ರಕಟಿಸಿದರು, ಅದಕ್ಕೂ ಮುಂಚೆ 1779ರಲ್ಲಿ ಎಡ್ವರ್ಡ್ ವೇರಿಂಗ್ ಅದನ್ನು ಕೊಟ್ಟಿದ್ದರು. ಮೂರಕ್ಕಿಂತ ಹೆಚ್ಚು ಬಿಂದುಗಳಿದ್ದರೆ ಕೈಯಲ್ಲಿ ಮಾಡಲು ಅದು ಬೇಸರದ ಕೆಲಸ.

ಹಂತ 7: ಗರಿಷ್ಠ, ಕನಿಷ್ಠ ಬಿಂದುಗಳನ್ನು ಕೊಟ್ಟಾಗ

2009ರ ಐಐಟಿ ಜೆಇಇಯಲ್ಲಿ ಬಂದ ಪ್ರಶ್ನೆಯ ಸಾರ ಇದು: ನಾಲ್ಕನೆಯ ಡಿಗ್ರಿಯ ಬಹುಪದೋಕ್ತಿಗೆ ಯ = 1 ಮತ್ತು ಯ = 2ರಲ್ಲಿ ಗರಿಷ್ಠ ಅಥವಾ ಕನಿಷ್ಠ ಬೆಲೆಗಳಿವೆ, ಯ → 0 ಆದಾಗ 1 + ಪ(ಯ)/ಯ² ಎಂಬುದರ ಮಿತಿ 2, ಹಾಗಾದರೆ ಪ(2) ಎಷ್ಟು? 2015ರ ಜೆಇಇ ಮೇನ್‌ನಲ್ಲಿ ಇದೇ ಪ್ರಶ್ನೆ ಮಿತಿ 3 ಎಂಬ ಬದಲಾವಣೆಯೊಂದಿಗೆ ಮರಳಿ ಬಂತು.

ಪ(ಯ)/ಯ²ದ ಮಿತಿ ಮೊದಲ ಪ್ರಶ್ನೆಯಲ್ಲಿ 1, ಎರಡನೆಯದರಲ್ಲಿ 2. ಎರಡರಲ್ಲೂ ಯ² ಅಪವರ್ತನ, ಆದ್ದರಿಂದ ಪ′(0) = 0. 1 ಮತ್ತು 2 ಗರಿಷ್ಠ ಅಥವಾ ಕನಿಷ್ಠ ಬಿಂದುಗಳಾದ್ದರಿಂದ ಪ′(1), ಪ′(2) ಕೂಡ ಸೊನ್ನೆ. ಪ′(ಯ)ದ ಡಿಗ್ರಿ 3, ಅದರ ಮೂರೂ ಶೂನ್ಯತೆಗಳು ಗೊತ್ತಾದವು: ಪ′(ಯ) = 4ಅ × ಯ(ಯ − 1)(ಯ − 2), ಇಲ್ಲಿ ಅ ಎಂಬುದು ಪ(ಯ)ದ ಅಗ್ರ ಸಹಗುಣಕ. ಪ(0) = 0 ಎಂಬುದನ್ನು ಬಳಸಿ ಸಮಾಕಲನ ಮಾಡಿದರೆ ಪ(ಯ) = ಅ(ಯ⁴ − 4ಯ³ + 4ಯ²) = ಅಯ²(ಯ − 2)². ಮಿತಿಯಿಂದ 4ಅ = 1 ಅಥವಾ 4ಅ = 2; ಅಂದರೆ ಅ = 1/4 ಅಥವಾ 1/2. ಪ(2) ಎರಡರಲ್ಲೂ 0.

ಗಮನಿಸಿದಿರಾ? ಕೊಟ್ಟ ಮಿತಿಯ ಬೆಲೆ ಉತ್ತರವನ್ನು ಮುಟ್ಟುವುದೇ ಇಲ್ಲ. ನಿಷ್ಪನ್ನದ ಶೂನ್ಯತೆಗಳಾದ 0, 1, 2 ಎಂಬವು 1ರ ಎರಡೂ ಬದಿಗೆ ಸಮಾನ ದೂರದಲ್ಲಿವೆ, ಆದ್ದರಿಂದ ಪ(ಯ)ದ ನಕ್ಷೆಯೂ ಯ = 1 ಎಂಬ ರೇಖೆಯ ಎರಡೂ ಕಡೆ ಸಮಮಿತವಾಗಿದೆ; ಹಾಗಾಗಿ ಪ(2) = ಪ(0) = 0. ಮಿತಿ ಎಷ್ಟೇ ಇರಲಿ, ಅದು ಸಾಂತವಾಗಿದೆ ಎಂಬುದಷ್ಟೇ ಬೇಕಾಗಿತ್ತು. ಆ ಸಂಖ್ಯೆಯನ್ನು ಬದಲಿಸಿ ಪ್ರಶ್ನೆಯನ್ನು ಹೊಸದು ಮಾಡಿದವರಿಗೆ ಇದು ಹೊಳೆದಿತ್ತೋ ಇಲ್ಲವೋ ಎಂಬುದು ಕುತೂಹಲದ ವಿಷಯ.

ಈ ವರ್ಗದ ಲೆಕ್ಕಗಳಲ್ಲಿ ಹಂತ 4ರ ಎಣಿಕೆಯನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ಒಂದು ಬಿಂದುವಿನಲ್ಲಿ ಬೆಲೆ, ನಿಷ್ಪನ್ನ, ಎರಡನೆಯ ನಿಷ್ಪನ್ನ ಹೀಗೆ ಬಿಡುವಿಲ್ಲದೆ ಕೊಟ್ಟಾಗ ಎಣಿಕೆ ಸರಿಹೋದರೆ ಉತ್ತರ ಒಂದೇ ಒಂದು ಇರುತ್ತದೆ. ಬೆಲೆಯನ್ನು ಬಿಟ್ಟು ನಿಷ್ಪನ್ನವನ್ನು ಮಾತ್ರ ಕೊಟ್ಟಾಗ ಆ ಖಾತರಿ ಇಲ್ಲ. ವರ್ಗ ಬಹುಪದೋಕ್ತಿಗೆ ಪ(−1) = 0, ಪ(1) = 0, ಪ′(0) = 0 ಎಂಬ ಮೂರು ಸಮೀಕರಣಗಳನ್ನು ಕೊಟ್ಟು ನೋಡಿ: ಅಜ್ಞಾತಗಳೂ ಮೂರೇ, ಆದರೂ ಯ² − 1ರ ಯಾವ ಗುಣಕವಾದರೂ ಉತ್ತರವೇ. ಮೂರನೆಯ ಸಮೀಕರಣ ಮೊದಲೆರಡರಿಂದ ತಾನಾಗಿಯೇ ಬರುತ್ತದೆ. ಗಣಿತಜ್ಞ ಜಿ. ಡಿ. ಬರ್ಕಾಫ್ 1906ರಲ್ಲಿ ಅಧ್ಯಯನ ಮಾಡಿದ್ದು ಇಂಥ ನಡುವೆ ಬಿಟ್ಟುಹೋದ ಸಮೀಕರಣಗಳ ಸಮಸ್ಯೆಯನ್ನೇ. ಮೇಲಿನ ಜೆಇಇ ಲೆಕ್ಕದಲ್ಲಿ ಐದು ಸಮೀಕರಣಗಳೂ ಸ್ವತಂತ್ರವಾಗಿದ್ದವು. ನಿಮ್ಮ ಲೆಕ್ಕದಲ್ಲಿ ಹಾಗಿದೆಯೇ ಎಂಬುದು ಬಿಡಿಸುವಾಗಲೇ ತಿಳಿಯುತ್ತದೆ.

ಹಂತ 8: ಘಾತದಲ್ಲಿ ಅಡಗಿದ ಮಿತಿ

ಯ → 0 ಆದಾಗ (1 + ಪ(ಯ)/ಯ³) ಎಂಬುದನ್ನು 1/ಯ ಘಾತಕ್ಕೇರಿಸಿದರೆ ಬರುವ ಮಿತಿ ಇ² ಎಂಬ ರೂಪವೂ ಪ್ರವೇಶ ಪರೀಕ್ಷೆಗಳಲ್ಲಿ ಪ್ರಸಿದ್ಧ. ಇ ಎಂದರೆ ಸ್ವಾಭಾವಿಕ ಲಾಗರಿದಮ್‌ನ ಆಧಾರ, ಸುಮಾರು 2.718. ಆವರಣದೊಳಗಿನದು 1ರತ್ತ ಹೋಗದಿದ್ದರೆ ಅಷ್ಟು ದೊಡ್ಡ ಘಾತದಿಂದಾಗಿ ಇಡೀ ಉಕ್ತಿ ಸೊನ್ನೆಗೆ ಕುಸಿಯುತ್ತದೆ ಅಥವಾ ಅನಂತಕ್ಕೆ ಏರುತ್ತದೆ; ಆದ್ದರಿಂದ ಪ(ಯ)/ಯ³ದ ಮಿತಿ 0. ಲಾಗರಿದಮ್ ತೆಗೆದುಕೊಂಡರೆ ಪ(ಯ)/ಯ⁴ದ ಮಿತಿ 2 ಆಗಬೇಕು. ಅಲ್ಲಿಗೆ ಸ್ಥಿರಾಂಕ, ಯ, ಯ², ಯ³ ಇವುಗಳ ಸಹಗುಣಕಗಳು ಸೊನ್ನೆ, ಯ⁴ದ ಸಹಗುಣಕ 2. ಆರಂಭದಲ್ಲಿ ಹೇಳಿದ ಐದು ಸಮೀಕರಣಗಳು ಇವೇ. ಡಿಗ್ರಿ 6 ಎಂದೂ, ಪ′(1) = ಪ′(2) = 0 ಎಂದೂ ಕೊಟ್ಟಿದ್ದರೆ ಪ′(ಯ) = 4ಯ³(ಯ − 1)(ಯ − 2) ಎಂದು ಬರೆದು, ಸಮಾಕಲನದಿಂದ ಪ(ಯ) = (2/3)ಯ⁶ − (12/5)ಯ⁵ + 2ಯ⁴ ಪಡೆಯುತ್ತೀರಿ. ಪ′(ಯ)ದಲ್ಲಿ 4 ಎಲ್ಲಿಂದ ಬಂತೆಂದರೆ, 2ಯ⁴ದ ನಿಷ್ಪನ್ನವಾದ 8ಯ³ವು (−1)(−2) = 2ರಿಂದ ಗುಣಿಸಿದ 4ಯ³ಕ್ಕೆ ಸಮವಾಗಬೇಕು.

ಹಂತ 9: ಪರಿಶೀಲನೆ

ಪರಿಶೀಲನೆಯನ್ನು ವಿಸ್ತರಿಸಿದ ರೂಪದಿಂದ ಮಾಡಿ, ಏಕೆಂದರೆ ತಪ್ಪುಗಳು ಹೆಚ್ಚಾಗಿ ನುಸುಳುವುದು ವಿಸ್ತರಿಸುವಾಗಲೇ. ಹಂತ 5ರ ಉತ್ತರದಲ್ಲಿ ಪ(1) ಎಂದರೆ ಸಹಗುಣಕಗಳ ಮೊತ್ತ: 3 − 17 + 35 − 32 + 12 = 1, ಸರಿ. ಬಿಂದು 2ರಲ್ಲಿನ ಮಿತಿಗೆ, ಸಹಗುಣಕಗಳನ್ನಷ್ಟೇ ಬರೆದು ಭಾಗಿಸುವ ಸಂಶ್ಲೇಷಿತ ಭಾಗಾಕಾರವೇ ಸಾಕು. 3, −17, 35, −32, 12 ಎಂಬ ಸಾಲನ್ನು (ಯ − 2)ರಿಂದ ಭಾಗಿಸಿದರೆ 3, −11, 13, −6 ಮತ್ತು ಶೇಷ 0. ಬಂದದ್ದನ್ನು ಮತ್ತೆ ಭಾಗಿಸಿದರೆ 3, −5, 3 ಮತ್ತು ಶೇಷ 0. ಮೂರನೆಯ ಸಲ 3, 1 ಮತ್ತು ಶೇಷ 5. ಮೊದಲೆರಡು ಶೇಷಗಳು ಸೊನ್ನೆಯಾಗಬೇಕು, ಮೂರನೆಯದು ಕೊಟ್ಟ ಮಿತಿಯೇ ಆಗಬೇಕು. ಮೊದಲೆರಡರಲ್ಲಿ ಸೊನ್ನೆ ಬರದಿದ್ದರೆ ವಿಸ್ತರಣೆಯನ್ನು ಮತ್ತೆ ಮಾಡಿ. ಅವು ಸರಿಯಿದ್ದು ಮೂರನೆಯದು ಮಾತ್ರ ತಪ್ಪಿದ್ದರೆ ಬ, ಕಗಳ ಎರಡು ಸಮೀಕರಣಗಳಿಗೆ ಹಿಂದಿರುಗಿ ನೋಡಿ.